ಉದ್ದ ಸಾಮಾನಿಗೆ ರ‍್ಯಾಕ್ ಹಾಕಿಸುವುದು ಹೇಗೆ? ಮೊದಲು ನೆಲ ನೋಡಿ, ಆಮೇಲೆ ಕಬ್ಬಿಣ

ಪೈಪು, ಕಬ್ಬಿಣದ ರಾಡು, ಚಾನೆಲ್ಲು (ಸಿ ಆಕಾರದ ಕಬ್ಬಿಣ), ತಗಡು, ಪ್ಲೈವುಡ್ಡು. ಇವುಗಳ ವ್ಯಾಪಾರ ಮಾಡುವವರ ಗೋದಾಮು ಕಲಬುರಗಿಯಲ್ಲಿದ್ದರೂ ಅಷ್ಟೇ, ಹುಮನಾಬಾದಿನಲ್ಲಿದ್ದರೂ ಅಷ್ಟೇ, ಒಳಗೆ ಕಾಣುವುದು ಒಂದೇ. ಪೈಪುಗಳು ಗೋಡೆಗೆ ಒರಗಿರುತ್ತವೆ, ರಾಡುಗಳು ನೆಲದ ಮೇಲೆ ಬಿದ್ದಿರುತ್ತವೆ, ತಗಡುಗಳು ಮೂಲೆ ಹಿಡಿದು ನಿಂತಿರುತ್ತವೆ. ಗಿರಾಕಿ ಬಂದು ಒಂದಿಂಚಿನ ಪೈಪು ಎರಡು ಕೊಡಿ ಅಂದರೆ ಮೇಲಿರುವ ಎರಡಿಂಚಿನ ರಾಶಿಯನ್ನೆಲ್ಲ ಆಚೆ ಎಳೆಯಬೇಕು. ಹಮಾಲರ ಎಷ್ಟೋ ಹೊತ್ತು ಈ ಎಳೆದಾಟದಲ್ಲೇ ಹೋಗುತ್ತದೆ. ಬೆರಳು ಜಜ್ಜುವುದು, ಕಾಲಿನ ಮೇಲೆ ಬೀಳುವುದು ಕೂಡ ಆಗಲೇ.

ಇದಕ್ಕೆ ಸರಿಯಾದ ಪರಿಹಾರ ಕ್ಯಾಂಟಿಲಿವರ್ ರ‍್ಯಾಕ್. ಹಿಂದೆ ಕಂಬ, ಕಂಬದಿಂದ ಮುಂದಕ್ಕೆ ಚಾಚಿದ ಆರ್ಮ್‌ಗಳು, ಕೆಳಗೆ ನೆಲದ ಮೇಲೆ ಬೇಸ್, ಕಂಬ ಕಂಬಗಳ ನಡುವೆ ಬ್ರೇಸಿಂಗ್, ಅಂದರೆ ಅವನ್ನು ಒಂದಕ್ಕೊಂದು ಬಿಗಿಯುವ ಪಟ್ಟಿಗಳು. ಇಷ್ಟೇ. ಮುಂದುಗಡೆ ಯಾವ ಕಂಬವೂ ಇರುವುದಿಲ್ಲ, ಹಾಗಾಗಿ 20 ಅಡಿಯ ಪೈಪನ್ನೂ ಅಡ್ಡಡ್ಡ ಎತ್ತಿ ನೇರವಾಗಿ ಇಡಬಹುದು, ತೆಗೆಯಬಹುದು. ಬಾಕ್ಸುಗಳಿಗೆ ಬಳಸುವ ಮಾಮೂಲಿ ತೂತಿನ ಆಂಗಲ್ (ಎಲ್ ಆಕಾರದ ಕಬ್ಬಿಣ) ರ‍್ಯಾಕಿನಲ್ಲಿ ಮುಂದಿನ ಕಂಬ ಅಡ್ಡ ಬರುತ್ತದೆ. ಪೈಪನ್ನು ಒಂದು ತುದಿಯಿಂದ ತೂರಿಸಿಕೊಂಡೇ ಹೋಗಬೇಕು. ಉದ್ದ ಸಾಮಾನಿಗೆ ಅದು ಬೇಡವೇ ಬೇಡ.

ಆದರೆ ರ‍್ಯಾಕ್ ಕೊಳ್ಳುವುದು ಈ ಕೆಲಸದ ಕೊನೆಯ ಭಾಗ. ನಮ್ಮ ಕಡೆ ಅದನ್ನೇ ಎಲ್ಲರೂ ಮೊದಲು ಮಾಡುತ್ತಾರೆ. ವೆಲ್ಡಿಂಗ್ ಅಂಗಡಿಗೆ ಹೋಗಿ "ಇಷ್ಟು ಎತ್ತರ, ಇಷ್ಟು ಅಗಲ, ಗಟ್ಟಿಯಾಗಿರಲಿ" ಅಂತ ಹೇಳಿ ಬರುತ್ತಾರೆ. ಅದಕ್ಕೂ ಮುಂಚೆ ಮಾಡಬೇಕಾದ ಕೆಲಸ ತುಂಬಾ ಇದೆ.

ಸಾಮಾನನ್ನು ಬರೆದಿಟ್ಟುಕೊಳ್ಳಿ

ಒಂದು ನೋಟ್‌ಬುಕ್ ತಗೊಳ್ಳಿ. ಗೋದಾಮಿನಲ್ಲಿರುವ ಪ್ರತಿಯೊಂದು ಉದ್ದ ಸಾಮಾನಿಗೂ ನಾಲ್ಕು ವಿಷಯ ಬರೆಯಿರಿ. ಉದ್ದ ಎಷ್ಟು, ಒಂದು ಕಟ್ಟಿನ ತೂಕ ಎಷ್ಟು, ಒಂದೇ ಸಲಕ್ಕೆ ಜಾಸ್ತಿ ಅಂದರೆ ಎಷ್ಟು ಕಟ್ಟು ಬರುತ್ತವೆ, ದಿನಕ್ಕೆ ಎಷ್ಟು ಸಲ ಕೈ ಹಾಕುತ್ತೀರಿ. ಈ ಕೊನೆಯದನ್ನು ಯಾರೂ ಬರೆಯುವುದಿಲ್ಲ, ಆದರೆ ಯಾವ ಸಾಮಾನು ಯಾವ ಎತ್ತರದಲ್ಲಿ ಕೂರಬೇಕು ಅಂತ ಹೇಳುವುದೇ ಅದು.

ಕಬ್ಬಿಣದ ರಾಡಿನ ತೂಕಕ್ಕೆ ತಕ್ಕಡಿ ಬೇಕಿಲ್ಲ. ರಾಡಿನ ದಪ್ಪವನ್ನು ಮಿಲಿಮೀಟರ್‌ನಲ್ಲಿ ತಗೊಂಡು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ. ಬಂದದ್ದು ಒಂದು ಮೀಟರಿನ ತೂಕ, ಕೆಜಿಯಲ್ಲಿ. 12 ಮಿ.ಮೀ. ರಾಡಾದರೆ 144 ಭಾಗಿಸು 162, ಅಂದರೆ ಸುಮಾರು 0.89 ಕೆಜಿ. ರಾಡಿನ ಮಾಮೂಲಿ ಉದ್ದ 12 ಮೀಟರ್. ಹಾಗಾದರೆ ಒಂದು ರಾಡು 10 ಕೆಜಿ 700 ಗ್ರಾಂ ಹತ್ತಿರ, ಐದು ರಾಡಿನ ಕಟ್ಟು 53 ಕೆಜಿ ಚಿಲ್ಲರೆ. ಅಂಥ 40 ಕಟ್ಟು ಒಂದೇ ಕಡೆ ಪೇರಿಸಿದರೆ ಎರಡು ಟನ್ ದಾಟಿತು. ಕಣ್ಣಿಗೆ ಅಷ್ಟೇನೂ ದೊಡ್ಡ ರಾಶಿಯಾಗಿ ಕಾಣುವುದಿಲ್ಲ, ಅಲ್ವಾ? ಕಬ್ಬಿಣ ಮೋಸ ಮಾಡುವುದು ಅಲ್ಲೇ.

ತಗಡು ಕೂಡ ಹಾಗೆಯೇ. ಅರ್ಧ ಮಿ.ಮೀ. ದಪ್ಪದ ತಗಡು ಚದರ ಮೀಟರಿಗೆ ಸುಮಾರು 4 ಕೆಜಿ ಬರುತ್ತದೆ. 12 ಅಡಿ ಉದ್ದ, ಮೂರೂವರೆ ಅಡಿ ಅಗಲದ ಒಂದು ಹಾಳೆ 15 ಕೆಜಿ ಹತ್ತಿರ. ಒಬ್ಬನೇ ಎತ್ತಿಬಿಡುತ್ತಾನೆ. ಆದರೆ ನೂರು ಹಾಳೆ ಒಂದರ ಮೇಲೊಂದು ಕೂತರೆ ಒಂದೂವರೆ ಟನ್.

ಪಿವಿಸಿ ಪೈಪಿನದು ಉಲ್ಟಾ ಸಮಸ್ಯೆ. ತೂಕ ಕಡಿಮೆ, ಜಾಗ ಜಾಸ್ತಿ. ಹಿಂಗಾರು ಬಿತ್ತನೆ ಹೊತ್ತಿಗೆ ಕಡಲೆ, ಜೋಳದವರು ಸ್ಪ್ರಿಂಕ್ಲರ್ ಪೈಪು ಕೇಳಿಕೊಂಡು ಬರುತ್ತಾರೆ. ಅದಕ್ಕೆ ಮುಂಚೆ ತುಂಬಿಸಿಟ್ಟ ಮಾಲು ಗೋದಾಮಿನ ಅರ್ಧ ಜಾಗ ನುಂಗಿರುತ್ತದೆ. ನಿಮ್ಮ ಪಟ್ಟಿಯಲ್ಲಿ ಆ ತುಂಬಿದ ಕಾಲದ ಲೆಕ್ಕ ಬರಲಿ, ಖಾಲಿ ಇರುವ ತಿಂಗಳಿನದ್ದಲ್ಲ.

ನೆಲ: ಇಲ್ಲಿ ಅವಸರ ಮಾಡಬೇಡಿ

ಈ ಭಾಗವನ್ನು ದಯವಿಟ್ಟು ಪೂರ್ತಿ ಓದಿ. ಬೇರೆ ಊರಿನ ರ‍್ಯಾಕ್ ಕಂಪನಿಯವರು ಕೊಡುವ ಪುಸ್ತಕದಲ್ಲಿ "ಕಾಂಕ್ರೀಟ್ ನೆಲಕ್ಕೆ ಆಂಕರ್ ಬೋಲ್ಟ್ ಹಾಕಿ" ಅಂತ ಒಂದು ಸಾಲು ಇರುತ್ತದೆ. ನಮ್ಮ ಎಷ್ಟೋ ಗೋದಾಮುಗಳ ನೆಲ ಕಾಂಕ್ರೀಟೇ ಅಲ್ಲ. ಅದು ಫರ್ಸಿ, ಅಂದರೆ ಹಾಸುಗಲ್ಲು. ಶಹಾಬಾದ್, ವಾಡಿ, ಚಿತ್ತಾಪುರ ಕಡೆಯ ಕಲ್ಲು ಕೈಗೆ ಸಿಗುವ ದರಕ್ಕೆ ಬರುವಾಗ ಯಾರು ತಾನೇ ಕಾಂಕ್ರೀಟ್ ಹಾಕಿಸುತ್ತಾರೆ? ನಡೆದಾಡಲು, ಚೀಲ ಪೇರಿಸಲು ಅದು ಒಳ್ಳೆಯ ನೆಲ. ರ‍್ಯಾಕಿಗೆ ಅಲ್ಲ.

ಫರ್ಸಿಯ ದಪ್ಪ ಒಂದು, ಒಂದೂವರೆ ಇಂಚು. ಅದರ ಕೆಳಗೆ ತೆಳ್ಳಗೆ ಗಾರೆ ಅಥವಾ ಮರಳು, ಅದರ ಕೆಳಗೆ ಮಣ್ಣು. ಆಂಕರ್ ಬೋಲ್ಟ್ ಕೆಲಸ ಮಾಡುವುದು ತೂತಿನೊಳಗೆ ಅಗಲವಾಗಿ ಸುತ್ತಲಿನ ಕಾಂಕ್ರೀಟನ್ನು ಒತ್ತಿ ಹಿಡಿದುಕೊಂಡು. ಫರ್ಸಿಯೊಳಗೆ ಅದು ಅಗಲವಾದರೆ ಕಲ್ಲು ಪದರ ಪದರವಾಗಿ ಸೀಳುತ್ತದೆ. ಸೀಳದಿದ್ದರೂ ಬೋಲ್ಟಿನ ಕೆಳಭಾಗಕ್ಕೆ ಹಿಡಿಯಲು ಏನೂ ಇಲ್ಲ, ಬರೀ ಮಣ್ಣು. ಬಿಗಿ ಮಾಡಿದ ದಿನ ಗಟ್ಟಿ ಅನಿಸುತ್ತದೆ. ಭಾರ ಬಿದ್ದಾಗ ಮೂಲೆ ಎದ್ದುಬರುತ್ತದೆ.

ನಿಮ್ಮ ನೆಲ ಹೇಗಿದೆ ಅಂತ ಹೀಗೆ ನೋಡಿ. ರ‍್ಯಾಕ್ ನಿಲ್ಲುವ ಸಾಲಿನುದ್ದಕ್ಕೂ ಒಂದು ಸುತ್ತಿಗೆಯ ಹಿಡಿಯಿಂದ ಕುಟ್ಟುತ್ತಾ ಹೋಗಿ. ಗಟ್ಟಿ ನೆಲದ ಸದ್ದು ಚಿಕ್ಕದು, ಒಣ. ಕೆಳಗೆ ಟೊಳ್ಳಿದ್ದರೆ ಡಬ್ ಅಂತ ದೊಡ್ಡದಾಗಿ ಬರುತ್ತದೆ, ಒಮ್ಮೆ ಕೇಳಿದರೆ ಮತ್ತೆ ಮರೆಯುವುದಿಲ್ಲ. ಆಮೇಲೆ ಒಂದು ಫರ್ಸಿ ಎಬ್ಬಿಸಿ. ಒಂದೇ ಒಂದು. ಕೆಳಗೆ ಏನಿದೆ ಕಣ್ಣಾರೆ ನೋಡಿ. ಕರಿಮಣ್ಣಾದರೆ ಮುಂದಿನ ಮಾತು ನಿಮಗೆ.

ಕಲಬುರಗಿ, ಯಾದಗಿರಿಯ ಈ ಕರಿಮಣ್ಣು, ಅಂದರೆ ಎರೆಮಣ್ಣು, ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಿರುಕು ಬಿಡುತ್ತದೆ. ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕು ನೋಡಿದ್ದೀರಲ್ಲ, ಅದೇ ಮಣ್ಣು ಗೋದಾಮಿನ ಕೆಳಗೂ ಇದೆ. ಗೋಡೆಯ ಪಕ್ಕ ನೀರು ಇಳಿಯುವ ಕಡೆ ಜಾಸ್ತಿ ಉಬ್ಬುತ್ತದೆ, ನಡುವೆ ಕಡಿಮೆ. ಅಂದರೆ ಸಾಲಿನ ಒಂದು ಕಂಬ ಏಳುತ್ತದೆ, ಪಕ್ಕದ್ದು ಅಲ್ಲೇ ಇರುತ್ತದೆ. ರ‍್ಯಾಕ್ ವಾಲುವುದು ಹೀಗೆ. ಬೀದರ್ ಊರಿನವರು ಈ ವಿಷಯದಲ್ಲಿ ಪುಣ್ಯವಂತರು, ಅವರ ಊರು ಕೂತಿರುವುದೇ ಜಂಬಿಟ್ಟಿಗೆ ಕಲ್ಲಿನ ಮೇಲೆ. ಆದರೆ ಭಾಲ್ಕಿ, ಔರಾದ ಕಡೆ ಮತ್ತೆ ಎರೆಮಣ್ಣು ಸಿಗುತ್ತದೆ, ಅಲ್ಲಿ ಎಬ್ಬಿಸಿ ನೋಡುವುದೇ ಒಳ್ಳೆಯದು.

ಇಡೀ ನೆಲ ಕಿತ್ತು ಹಾಕಿಸಬೇಕಾಗಿಲ್ಲ. ಕಂಬಗಳ ಸಾಲು ಬರುವಷ್ಟು ಜಾಗದಲ್ಲಿ, ಬೇಸಿನ ಉದ್ದಕ್ಕಿಂತ ಸುತ್ತಲೂ ಸ್ವಲ್ಪ ಜಾಸ್ತಿ ಅಗಲವಾಗಿ, ಒಂದು ಪಟ್ಟಿ ಫರ್ಸಿ ತೆಗೆಯಿರಿ. ಕರಿಮಣ್ಣು ಅಗೆದು ಹೊರಗೆ ಹಾಕಿ ಅಲ್ಲಿ ಮುರಂ (ಗರಸು ಮಣ್ಣು) ತುಂಬಿಸಿ. ಒಂದೇ ಸಲ ಸುರಿಯಬೇಡಿ. ತೆಳುವಾದ ಪದರ, ನೀರು, ದಮ್ಮಸ್ಸು, ಮತ್ತೆ ಪದರ. ಅದರ ಮೇಲೆ ಕಬ್ಬಿಣ ಕಟ್ಟಿದ ಕಾಂಕ್ರೀಟ್, 6 ಇಂಚಿಗೆ ಕಡಿಮೆ ಬೇಡ. ಎಷ್ಟು ಆಳ ಅಗೆಯಬೇಕು, ಕಬ್ಬಿಣ ಎಷ್ಟು ಅನ್ನುವುದನ್ನು ಒಬ್ಬ ಸಿವಿಲ್ ಎಂಜಿನಿಯರ್ ಬಂದು ಮಣ್ಣು ನೋಡಿ ಹೇಳಲಿ. ಅವರ ಫೀಸು ಇಡೀ ಖರ್ಚಿನಲ್ಲಿ ಚಿಲ್ಲರೆ. ಕಾಂಕ್ರೀಟ್ ಪೂರ್ತಿ ಬಲಕ್ಕೆ ಬರಲು 28 ದಿನ ಬೇಕು. ಅಷ್ಟು ದಿನ ಕಾಯಿರಿ, ಬೇಸಿಗೆಯಾದರೆ ಗೋಣಿತಟ್ಟು ಹಾಸಿ ನೀರು ಹಿಡಿಯುತ್ತಲೇ ಇರಿ.

ಹೊರಗಿನ ನೀರಿಗೂ ದಾರಿ ಮಾಡಿ. ಚಾವಣಿಯ ನೀರು ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ಎಂಥ ಕಾಂಕ್ರೀಟ್ ಹಾಕಿಸಿದರೂ ಕೆಳಗಿನ ಮಣ್ಣು ಕುಣಿಯುತ್ತಲೇ ಇರುತ್ತದೆ.

ಕಂಬದಿಂದ ಕಂಬಕ್ಕೆ ಎಷ್ಟು ಅಂತರ?

ಇದನ್ನು ರ‍್ಯಾಕ್ ಹೇಳುವುದಿಲ್ಲ, ಸಾಮಾನು ಹೇಳುತ್ತದೆ. ಪೈಪು ಎಷ್ಟು ಮೆತ್ತಗೋ ಆರ್ಮ್‌ಗಳು ಅಷ್ಟು ಹತ್ತಿರ ಬೇಕು.

ಪರೀಕ್ಷೆ ಸುಲಭ, ಗೋದಾಮಿನಲ್ಲೇ ಮಾಡಬಹುದು. ಒಂದೇ ಎತ್ತರದ ಮರದ ದಿಮ್ಮಿಗಳನ್ನು ನೆಲದ ಮೇಲೆ ಇಡಿ, ಕಂಬಗಳ ನಡುವೆ ಎಷ್ಟು ಅಂತರ ಅಂದುಕೊಂಡಿದ್ದೀರೋ ಅಷ್ಟೇ ಅಂತರದಲ್ಲಿ. ನೆಲ ಏರುಪೇರಿದ್ದರೆ ಕೆಳಗೆ ಚಕ್ಕೆ ಕೊಟ್ಟು ಸಮ ಮಾಡಿ. ಮೇಲೆ ನಿಮ್ಮ ಸಾಮಾನಿನ ಒಂದು ಪೂರ್ತಿ ಕಟ್ಟು ಹೇರಿ, ಒಂಟಿ ಪೈಪಲ್ಲ, ಕಟ್ಟು. ಈಗ ಕಟ್ಟಿನ ಕೆಳಗಡೆ ಒಂದು ದಿಮ್ಮಿಯಿಂದ ಇನ್ನೊಂದಕ್ಕೆ ದಾರ ಎಳೆದು ಬಿಗಿಯಾಗಿ ಹಿಡಿಯಿರಿ. ನಡುವೆ ಪೈಪು ದಾರವನ್ನು ಕೆಳಕ್ಕೆ ತಳ್ಳುತ್ತಿದ್ದರೆ ಅಂತರ ಜಾಸ್ತಿಯಾಯಿತು. ಪಿವಿಸಿ ಆದರೆ ಈ ಪರೀಕ್ಷೆಯನ್ನು ಮಧ್ಯಾಹ್ನ ಮಾಡಿ, ಕಟ್ಟನ್ನು ಒಂದೆರಡು ದಿನ ಹಾಗೇ ಬಿಟ್ಟು ಮತ್ತೆ ದಾರ ಹಿಡಿಯಿರಿ. ಏಪ್ರಿಲ್, ಮೇನಲ್ಲಿ ಕಲಬುರಗಿಯಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುವುದು ಹೊಸದೇನಲ್ಲ, ತಗಡಿನ ಚಾವಣಿಯ ಕೆಳಗೆ ಮೇಲಿನ ಆರ್ಮಿನ ಹತ್ತಿರ ಅದಕ್ಕಿಂತ ಜಾಸ್ತಿ. ಬೆಳಿಗ್ಗೆ ನೆಟ್ಟಗಿದ್ದ ಪೈಪು ಆ ಕಾವಿನಲ್ಲಿ ನಿಧಾನವಾಗಿ ಜೋಲುತ್ತದೆ. ಒಮ್ಮೆ ಬಾಗಿ ಕೂತರೆ ಮತ್ತೆ ನೆಟ್ಟಗಾಗುವುದು ಕಷ್ಟ. ಗಿರಾಕಿ ಬಾಗಿದ ಪೈಪು ಒಯ್ಯುವುದಿಲ್ಲ.

ಅಂತರ ಗೊತ್ತಾದ ಮೇಲೆ ತುದಿಗಳ ಲೆಕ್ಕ. ಕೊನೆಯ ಆರ್ಮಿನಿಂದ ಆಚೆ ಸಾಮಾನು ಎಷ್ಟು ಚಾಚಬೇಕು? ಕಂಬಗಳ ಅಂತರದ ಅರ್ಧ. ಆಗ ಪ್ರತಿ ಆರ್ಮಿಗೂ ಭಾರ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗುತ್ತದೆ. 6 ಮೀಟರ್ ಪೈಪಿಗೆ ಮೂರು ಕಂಬ ಹಾಕಿದರೆ ಅಂತರ 2 ಮೀಟರ್, ಎರಡು ತುದಿಗೂ 1 ಮೀಟರ್ ಆಚೆ. ನಾಲ್ಕು ಕಂಬವಾದರೆ ಅಂತರ ಒಂದೂವರೆ ಮೀಟರ್, ತುದಿಗೆ ಮುಕ್ಕಾಲು ಮೀಟರ್. ನೆಟ್ಟಗಿರುವ 12 ಮೀಟರ್ ರಾಡಿಗೆ 2 ಮೀಟರ್ ಅಂತರದಲ್ಲಿ ಆರು ಕಂಬ. ಮಧ್ಯಕ್ಕೆ ಬಗ್ಗಿಸಿ ತಂದ ರಾಡಾದರೆ ಅರ್ಧ ಉದ್ದದ ಲೆಕ್ಕ ಹಿಡಿಯಿರಿ.

ಕಂಬ ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ದಪ್ಪ ಬೀಮು, ಚಾನೆಲ್ಲಿನಂಥ ಬಾಗದ ಸಾಮಾನು ಐದು ಆರ್ಮಿನ ಮೇಲೆ ಕೂತರೂ ಭಾರ ಬೀಳುವುದು ಕೂದಲೆಳೆಯಷ್ಟು ಎತ್ತರವಿರುವ ಎರಡರ ಮೇಲೆ ಮಾತ್ರ. ಉಳಿದ ಮೂರು ಸುಮ್ನೆ ನಿಂತಿರುತ್ತವೆ. ಅಂಥ ಸಾಮಾನಿಗೆ ಕಡಿಮೆ ಕಂಬ, ಆದರೆ ಪ್ರತಿಯೊಂದೂ ಗಟ್ಟಿ ಇರಲಿ.

ಆರ್ಮ್: ಆಂಗಲ್ ಬೇಡ

ಆರ್ಮಿನ ಉದ್ದ ಸಾಮಾನಿನ ಅಗಲದಷ್ಟೇ ಇರಲಿ, ಸ್ವಲ್ಪ ಜಾಸ್ತಿಯಾದರೂ ಅಡ್ಡಿಯಿಲ್ಲ. ಸಾಮಾನು ಆರ್ಮಿನ ತುದಿ ದಾಟಿ ಹೊರಗೆ ಬರಬಾರದು. ಅದಕ್ಕೆ ಅಂತ ನಾಲ್ಕು ಅಡಿ ಆರ್ಮ್ ಮಾಡಿಸಿ ಎಲ್ಲವನ್ನೂ ಅದರ ಮೇಲೆ ತುಂಬುವುದೂ ತಪ್ಪು. ಭಾರ ಅಷ್ಟೇ ಇದ್ದರೂ ಉದ್ದ ಎರಡರಷ್ಟಾದರೆ ಬುಡಕ್ಕೆ ಬೀಳುವ ಒತ್ತಡವೂ ಎರಡರಷ್ಟು.

ಈಗ ಒಂದು ಲೆಕ್ಕ ಮಾಡೋಣ, ಯಾಕೆಂದರೆ ನಮ್ಮ ಕಡೆ ರ‍್ಯಾಕ್ ಮಾಡುವವರು ಹೆಚ್ಚಿನವರು ಕೈಗೆ ಸಿಗುವ ಆಂಗಲ್ಲಿನಲ್ಲೇ ಆರ್ಮ್ ಕತ್ತರಿಸುತ್ತಾರೆ. ಎರಡು ಅಡಿಯ ಆರ್ಮ್, ಅಂದರೆ 600 ಮಿ.ಮೀ. ಅದರ ಮೇಲೆ 300 ಕೆಜಿ ಸಮನಾಗಿ ಹರಡಿದೆ. ಭಾರವೆಲ್ಲ ನಡುವೆ ಇದ್ದ ಹಾಗೆ ಲೆಕ್ಕ. 300 ಕೆಜಿ ಗುಣಿಸು 0.3 ಮೀಟರ್, 90 ಕೆಜಿ-ಮೀಟರ್. ಇಷ್ಟನ್ನು ಆರ್ಮಿನ ಬುಡ ತಡೆಯಬೇಕು. 50ಕ್ಕೆ 50ರ, 6 ಮಿ.ಮೀ. ದಪ್ಪದ ಆಂಗಲ್ ಬಳಸಿದರೆ ಅದರೊಳಗಿನ ಒತ್ತಡ ಚದರ ಮಿಲಿಮೀಟರಿಗೆ ಸುಮಾರು 245 ನ್ಯೂಟನ್ ಆಗುತ್ತದೆ. ಮಾಮೂಲಿ ಕಬ್ಬಿಣ ಶಾಶ್ವತವಾಗಿ ಬಾಗಲು ಶುರುವಾಗುವುದು 250ರ ಹತ್ತಿರ. ಅಂದರೆ ಆ ಆಂಗಲ್ ಆಗಲೇ ಅಂಚಿನಲ್ಲಿ ನಿಂತಿದೆ. ಅದೇ ಜಾಗಕ್ಕೆ 75 ಮಿ.ಮೀ. ಚಾನೆಲ್ ನೆಟ್ಟಗೆ ನಿಲ್ಲಿಸಿ ಹಾಕಿದರೆ ಒತ್ತಡ 44ಕ್ಕೆ ಇಳಿಯುತ್ತದೆ. ಆಂಗಲ್ ಮೀಟರಿಗೆ ನಾಲ್ಕೂವರೆ ಕೆಜಿ, ಚಾನೆಲ್ ಸುಮಾರು ಏಳು. ಒಂದೂವರೆ ಪಟ್ಟು ತೂಕ, ಐದು ಪಟ್ಟಿಗೂ ಮಿಕ್ಕಿದ ಬಲ. ಇದಕ್ಕಿಂತ ಲಾಭದ ವ್ಯಾಪಾರ ಎಲ್ಲಿದೆ ಹೇಳಿ?

ನೆಟ್ಟಗೆ ನಿಲ್ಲಿಸಿ ಅಂದೆ. ಚಾನೆಲ್ಲನ್ನು ಮಲಗಿಸಿ ಬೆಸೆದರೆ ಅದರ ಬಲ ಸುಮಾರು ಕಾಲು ಭಾಗಕ್ಕೆ ಬರುತ್ತದೆ. ಪೈಪು ಉರುಳದಿರಲಿ ಅಂತ ಕೆಲವರು ಚಾನೆಲ್ಲನ್ನು ದೋಣಿಯಂತೆ ಮಲಗಿಸುತ್ತಾರೆ, ಅದನ್ನು ಒಪ್ಪಬೇಡಿ. ಉರುಳದಂತೆ ತಡೆಯಲು ಆರ್ಮಿನ ತುದಿಗೆ ಎರಡಿಂಚಿನ ತುಂಡು ನಿಲ್ಲಿಸಿ ಬೆಸೆಯಲು ಹೇಳಿ, ಸಾಕು. ಆರ್ಮ್ ಕಂಬದಿಂದ ತುದಿಯ ಕಡೆಗೆ ಒಂದಿಷ್ಟು ಮೇಲ್ಮುಖವಾಗಿರಲಿ, ಭಾರ ಬಿದ್ದಾಗ ಸಮಕ್ಕೆ ಬರುತ್ತದೆ.

ಭಾರವನ್ನು ಮೆಲ್ಲಗೆ ಇಡುವುದಕ್ಕೂ ಒಮ್ಮೆಲೇ ಬಿಡುವುದಕ್ಕೂ ವ್ಯತ್ಯಾಸ ಇದೆ. ಎತ್ತರದಿಂದ ಬೀಳಿಸದೆ ಸುಮ್ನೆ ತಟ್ಟನೆ ಕೈಬಿಟ್ಟರೂ ಆರ್ಮ್ ಆ ಕ್ಷಣಕ್ಕೆ ಎರಡು ಪಟ್ಟು ಒತ್ತಡ ತಿನ್ನುತ್ತದೆ. ಮೇಲಿನ ಲೆಕ್ಕದ ಆಂಗಲ್ಲಿಗೆ ಅಲ್ಲಿಗೆ ಮುಗಿಯಿತು. ಚಾನೆಲ್ 88 ಅಂತ ಹೇಳಿ ತಡೆದುಕೊಳ್ಳುತ್ತದೆ.

ಆರ್ಮ್ ಮುರಿಯುವುದು ನಡುವೆ ಅಲ್ಲ, ಬುಡದಲ್ಲಿ. ಅದರಲ್ಲೂ ಬುಡದ ಮೇಲ್ಭಾಗದ ವೆಲ್ಡಿಂಗ್ ಕಿತ್ತು ಬರುತ್ತದೆ, ಯಾಕೆಂದರೆ ಎಳೆತ ಬೀಳುವುದು ಅಲ್ಲಿ. ಮಿಸ್ತ್ರಿ ಕೆಲಸ ಮುಗಿಸಿದ ಮೇಲೆ ಬಣ್ಣ ಹೊಡೆಯುವ ಮುಂಚೆ ಹೋಗಿ ಪ್ರತಿ ಬುಡವನ್ನೂ ನೋಡಿ. ತಂತಿ ಬ್ರಷ್ಷಿನಿಂದ ಕಿಟ್ಟ ಉಜ್ಜಿಸಿ. ವೆಲ್ಡಿಂಗ್ ಒಂದೇ ಸಮನೆ, ಮೀನಿನ ಹುರುಪೆಯ ಹಾಗೆ ಸಾಲಾಗಿ ಕಾಣಬೇಕು. ಅಲ್ಲಲ್ಲಿ ಚುಕ್ಕಿ ಇಟ್ಟು ಬಿಟ್ಟಿದ್ದರೆ, ಸಣ್ಣ ತೂತುಗಳಿದ್ದರೆ, ಕಬ್ಬಿಣದ ಅಂಚು ತಿಂದುಹೋಗಿ ಗೆರೆ ಬಿದ್ದಿದ್ದರೆ ಮತ್ತೆ ಮಾಡಿಸಿ. ಬುಡದ ಕೆಳಗೆ ಮೂರು ಮೂಲೆಯ ಪ್ಲೇಟು ಕೊಡಿಸಿ. ಬಣ್ಣ ಹೊಡೆದ ಮೇಲೆ ಯಾವುದೂ ಕಾಣುವುದಿಲ್ಲ, ಆಮೇಲೆ ಜಗಳ ಮಾಡಿ ಉಪಯೋಗವಿಲ್ಲ.

ಕಾರ್ಖಾನೆಯ ಬೋಲ್ಟ್ ರ‍್ಯಾಕ್ ಕೊಳ್ಳುವುದಾದರೆ ಆರ್ಮಿಗೆ ಎಷ್ಟು, ಇಡೀ ಕಂಬಕ್ಕೆ ಎಷ್ಟು ಅಂತ ಎರಡೂ ಅಂಕಿಯನ್ನು ಬರಹದಲ್ಲಿ ಕೇಳಿ ತಗೊಳ್ಳಿ. ಆರ್ಮಿಗೆ 500 ಕೆಜಿ ಅಂತ ಇದ್ದು ಐದು ಆರ್ಮ್ ಇದ್ದರೆ ಕಂಬ 2,500 ಕೆಜಿ ತಡೆಯುತ್ತದೆ ಅಂತ ಅರ್ಥ ಅಲ್ಲ.

ಕಂಬ, ಬೇಸ್, ಬ್ರೇಸಿಂಗ್

ಗೋಡೆ ಪಕ್ಕಕ್ಕೆ ಒಂದು ಬದಿಯ ರ‍್ಯಾಕ್, ನಡುವೆ ಎರಡು ಬದಿಯದು. ಒಂದು ಬದಿಯದರಲ್ಲಿ ಎಲ್ಲ ಆರ್ಮ್‌ಗಳ ಭಾರವೂ ಕಂಬವನ್ನು ಮುಂದಕ್ಕೇ ಎಳೆಯುತ್ತದೆ. ಅದಕ್ಕೇ ಬೇಸ್ ಆರ್ಮಿನಷ್ಟಾದರೂ ಮುಂದಕ್ಕೆ ಇರಬೇಕು, ಗಿಡ್ಡ ಬೇಸಿನ ರ‍್ಯಾಕ್ ಕಂಡರೆ ಆ ಕಡೆ ನೋಡಲೂ ಬೇಡಿ. ಎರಡು ಬದಿಯದರಲ್ಲಿ ಭಾರ ಒಂದಕ್ಕೊಂದು ಸರಿದೂಗುತ್ತದೆ ನಿಜ, ಆದರೆ ಒಂದು ಬದಿ ಖಾಲಿಯಾದ ದಿನವೂ ಅದು ನಿಲ್ಲಬೇಕು. ಲೆಕ್ಕ ಮಾಡಿಸುವಾಗ ಆ ದಿನದ ಲೆಕ್ಕವೇ ಹಿಡಿಸಿ.

ರ‍್ಯಾಕನ್ನು ಗೋಡೆಗೆ ಕಟ್ಟಿದರೆ ಸಾಕು, ನೆಲಕ್ಕೆ ಬೋಲ್ಟ್ ಯಾಕೆ ಅಂತ ಕೇಳುವವರಿದ್ದಾರೆ. ಇಟ್ಟಿಗೆ ಗೋಡೆ ರ‍್ಯಾಕ್ ಹಿಡಿಯಲು ಕಟ್ಟಿದ್ದಲ್ಲ. ರ‍್ಯಾಕ್ ತನ್ನ ಕಾಲ ಮೇಲೆ ತಾನು ನಿಲ್ಲಬೇಕು.

ಕಂಬಗಳ ನಡುವಿನ ಬ್ರೇಸಿಂಗ್ ಅಡ್ಡಪಟ್ಟಿ ಮಾತ್ರ ಇದ್ದರೆ ಸಾಲದು, ಗುಣಿಸು ಚಿಹ್ನೆಯ ಹಾಗೆ ಓರೆ ಪಟ್ಟಿಯೂ ಬೇಕು. ಓರೆ ಪಟ್ಟಿ ಇಲ್ಲದ ಸಾಲು ಉದ್ದಕ್ಕೆ ತೂಗಾಡುತ್ತದೆ. ನಮ್ಮ ಕಡೆ ಭೂಮಿ ನಡುಗುವುದೇ ಇಲ್ಲ ಅನ್ನಬೇಡಿ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಬೀದರ್ ಜಿಲ್ಲೆಯ ಪಕ್ಕದ ಲಾತೂರಿನದು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ಮನೆ ಒಳಗೆ ಮಲಗಲು ಹೆದರಿದ್ದರು. ಟನ್‌ಗಟ್ಟಲೆ ಕಬ್ಬಿಣ ತಲೆಯ ಮೇಲೆ ಇಟ್ಟುಕೊಂಡವರು ಒಂದಿಷ್ಟು ಓರೆ ಪಟ್ಟಿಗೆ ಜಿಪುಣತನ ಮಾಡಬಾರದು.

ಜಾಗ ಹಂಚುವುದು

ಲಾರಿ ಎಲ್ಲಿ ನಿಲ್ಲುತ್ತದೆ, ಬಾಗಿಲು ಎಲ್ಲಿದೆ, ಪೈಪಿನ ತುದಿ ಎಲ್ಲಿ ತಿರುಗುತ್ತದೆ, ಇದನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೇ ಬರೆದು ನೋಡಿ. ಆಮೇಲೆ ಇಬ್ಬರು ನಿಜವಾದ ಪೈಪು ಹೊತ್ತು ಲಾರಿಯಿಂದ ರ‍್ಯಾಕಿನ ಜಾಗದವರೆಗೆ ನಡೆದು ತೋರಿಸಲಿ. ಕಾಗದದ ಮೇಲೆ ತಿರುಗುವ ಪೈಪು ಕಂಬದ ಹತ್ತಿರ ಸಿಕ್ಕಿಕೊಳ್ಳುತ್ತದೆ. ರ‍್ಯಾಕಿನ ಉದ್ದ ಬಾಗಿಲಿಗೆ ನೇರವಾಗಿದ್ದರೆ ತಿರುಗಿಸುವ ಕೆಲಸವೇ ಇಲ್ಲ.

ಫೋರ್ಕ್‌ಲಿಫ್ಟ್ ತರಬೇಕು ಅನ್ನುವವರು ಒಂದು ಮಾತು ನೆನಪಿಡಿ. ಮಾಮೂಲಿ ಫೋರ್ಕ್‌ಲಿಫ್ಟ್ 6 ಮೀಟರ್ ಕಟ್ಟನ್ನು ಅಡ್ಡಡ್ಡ ಹಿಡಿದುಕೊಂಡು ಬರುತ್ತದೆ, ಹಾಗಾಗಿ ಅದು ಓಡಾಡುವ ದಾರಿ 6 ಮೀಟರಿಗಿಂತ ಅಗಲ ಬೇಕು. ಕಪನೂರು ಇಂಡಸ್ಟ್ರಿಯಲ್ ಏರಿಯಾದ ದೊಡ್ಡ ಶೆಡ್ಡಿನಲ್ಲಿ ಅದು ಆದೀತು, ಊರೊಳಗಿನ ಗೋದಾಮಿನಲ್ಲಿ ಎಲ್ಲಿಂದ ತರುತ್ತೀರಿ? ಸಣ್ಣ ಜಾಗಕ್ಕೆ ಕೈಯಿಂದ ಹೇರುವುದು, ಜೊತೆಗೆ ಗಾಲಿಯ ಟ್ರಾಲಿ, ಭಾರದ ಬೀಮಿಗೆ ಚೈನ್ ಪುಲ್ಲಿ. ಚೈನ್ ಪುಲ್ಲಿಯನ್ನು ರ‍್ಯಾಕಿನ ಕಂಬಕ್ಕೆ ನೇತು ಹಾಕಬೇಡಿ, ಅದಕ್ಕೆ ಬೇರೆ ಸ್ಟ್ಯಾಂಡ್ ಬೇಕು.

ನಿಲ್ಲಿಸುವ ದಿನ

ಮೊದಲು ಎರಡು ಕೊನೆಯ ಕಂಬ ನಿಲ್ಲಿಸಿ, ನಡುವೆ ದಾರ ಕಟ್ಟಿ, ಉಳಿದವನ್ನು ಆ ದಾರಕ್ಕೆ ತನ್ನಿ. ಎತ್ತರ ನೋಡಲು ಗೌಂಡಿಗಳ ನೀರು ತುಂಬಿದ ಟ್ಯೂಬು ಸಾಕು, ಆರ್ಮ್ ಆರ್ಮಿಗೂ ಹಿಡಿದು ನೋಡಿ. ತಗ್ಗಾದ ಕಡೆ ಬೇಸಿನ ಕೆಳಗೆ ಕಬ್ಬಿಣದ ಪ್ಲೇಟು ಕೊಡಿ, ಮರದ ಚಕ್ಕೆ, ಫರ್ಸಿ ಚೂರು ಕೊಡಬೇಡಿ. ಕಂಬ ನೆಟ್ಟಗಿದೆಯೇ ಅಂತ ತೂಕದ ಗುಂಡು ಬಿಟ್ಟು ಮುಂದಿನಿಂದಲೂ ಪಕ್ಕದಿಂದಲೂ ನೋಡಿ. ಮುಂದೆ ಯಾವತ್ತಾದರೂ 10 ಅಡಿಗೆ ಅರ್ಧ ಇಂಚಿಗಿಂತ ಜಾಸ್ತಿ ವಾಲಿದ್ದು ಕಂಡರೆ ಅಂದೇ ಸಾಮಾನು ಇಳಿಸಬೇಕು, ಆದ್ದರಿಂದ ನಿಲ್ಲಿಸುವ ದಿನ ಅದರ ಹತ್ತಿರಕ್ಕೂ ಹೋಗಬಾರದು.

ಆಂಕರ್ ಹಾಕುವ ತೂತಿನೊಳಗಿನ ಪುಡಿಯನ್ನು ಊದಿ ತೆಗೆಯಿರಿ. ಎಲ್ಲರೂ ಬಿಡುವ ಕೆಲಸ ಇದು. ಪುಡಿ ಇದ್ದರೆ ಬೋಲ್ಟ್ ಕಾಂಕ್ರೀಟನ್ನು ಹಿಡಿಯುವ ಬದಲು ಪುಡಿಯನ್ನು ಹಿಡಿಯುತ್ತದೆ. ಕಾಂಕ್ರೀಟ್ ಪಟ್ಟಿಯ ಅಂಚಿಗೆ ತೀರ ಹತ್ತಿರ ತೂತು ಕೊರೆಯಬೇಡಿ, ಅಂಚು ಒಡೆದು ಬರುತ್ತದೆ.

ಯಾವ ಸಾಮಾನು ಎಲ್ಲಿ, ಹೇಗೆ

ಭಾರದ್ದು ಕೆಳಗೆ, ಹಗುರದ್ದು ಮೇಲೆ. ಪದೇ ಪದೇ ಕೈ ಹಾಕುವುದು ಸೊಂಟದ ಎತ್ತರದಲ್ಲಿ. ಕೈಯಿಂದ ಹೇರುವ ಕಬ್ಬಿಣ ಭುಜಕ್ಕಿಂತ ಮೇಲೆ ಹೋಗಬಾರದು. ಪಿವಿಸಿ ಮಾತ್ರ ಅದಕ್ಕೂ ಮೇಲೆ ಇಡಬಹುದು.

ರಾಡು ಕೆಳಗಿನ ಬೇಸಿನ ಮೇಲೆ ಇಡುವುದಾದರೂ ನೆಲದಿಂದ ಅರ್ಧ ಅಡಿ ಎತ್ತರ ಇರಲಿ. ಮಳೆ ನೀರು ಒಳಗೆ ನುಗ್ಗಿದರೂ ತುಕ್ಕು ಹಿಡಿಯುವುದಿಲ್ಲ, ಕೆಳಗೆ ಕಸ ಗುಡಿಸಲೂ ಬರುತ್ತದೆ. ಒಂದು ಜೊತೆ ಆರ್ಮಿನ ಮೇಲೆ ಒಂದೇ ಅಳತೆ. 10 ಮತ್ತು 12 ಮಿ.ಮೀ. ಒಟ್ಟಿಗೆ ಹಾಕಿದರೆ ರ‍್ಯಾಕ್ ಇದ್ದೂ ಹಳೆಯ ಎಳೆದಾಟವೇ. ಕತ್ತರಿಸಿ ಉಳಿದ ತುಂಡುಗಳನ್ನು ರ‍್ಯಾಕಿನಲ್ಲಿ ಇಡಬೇಡಿ, ಅವು ಎರಡು ಆರ್ಮಿನ ನಡುವೆ ಜಾರಿ ಬೀಳುತ್ತವೆ. ಅವಕ್ಕೆ ನಿಲ್ಲಿಸಿ ಇಡುವ ಬೇರೆ ಚೌಕಟ್ಟು ಮಾಡಿಸಿ.

ಪಿವಿಸಿಗೆ ಆರ್ಮಿನ ಮೇಲೆ ಅಗಲವಾದ ಮರದ ಹಲಗೆ ಹಾಸಿ, ಕಬ್ಬಿಣದ ಅಂಚು ಪೈಪಿಗೆ ಗೆರೆ ಹಾಕುತ್ತದೆ. ಬಾಯಿ ಅಗಲವಿರುವ ಪೈಪನ್ನು ಒಂದು ಸಾಲು ಆ ಕಡೆ, ಒಂದು ಸಾಲು ಈ ಕಡೆ ತಿರುಗಿಸಿ ಇಡಿ. ಎಲ್ಲ ಬಾಯಿ ಒಂದೇ ಕಡೆ ಇದ್ದರೆ ರಾಶಿ ಓರೆಯಾಗಿ ಪೈಪು ಬಾಗುತ್ತದೆ. ದಪ್ಪ ಪೈಪು ಕೆಳಗೆ, ತೆಳುವಾದದ್ದು ಮೇಲೆ. ನೇರ ಬಿಸಿಲು ಬೀಳುವ ಕಿಟಕಿಯ ಪಕ್ಕ ಬೇಡ, ಬಣ್ಣ ಹೋಗುವುದಷ್ಟೇ ಅಲ್ಲ, ಪೈಪು ಪೆಡಸಾಗುತ್ತದೆ.

ಜಿಂಕ್ ತಗಡಿನ ಶತ್ರು ಹಾಳೆಗಳ ನಡುವೆ ಸಿಕ್ಕ ನೀರು. ಗಾಳಿಯಾಡದೆ ನಿಂತ ತೇವಕ್ಕೆ ಬಿಳಿ ತುಕ್ಕು ಬರುತ್ತದೆ. ಒದ್ದೆ ಲೋಡು ಬಂದರೆ ಬಿಡಿಸಿ ಒರೆಸಿ ಒಣಗಿಸಿಯೇ ಇಡಿ, ಒಂದು ತುದಿ ಸ್ವಲ್ಪ ಎತ್ತರವಿರಲಿ. ಪ್ಲೈವುಡ್ ಯಾವಾಗಲೂ ಮಲಗಿರಬೇಕು. 8 ಅಡಿಯ ಹಾಳೆಗೆ ನಾಲ್ಕು ಆರ್ಮ್, ಮೇಲೆ ಹಲಗೆ. ಗೋಡೆಗೆ ಒರಗಿಸಿಟ್ಟ ಪ್ಲೈವುಡ್ ಬಿಲ್ಲಾಗುತ್ತದೆ.

ಫರ್ಸಿ ಮಾರುವವರಿಗೆ ಕ್ಯಾಂಟಿಲಿವರ್ ಬೇಡ. ಕಲ್ಲನ್ನು ಅಂಚಿನ ಮೇಲೆ ನಿಲ್ಲಿಸಬೇಕು, ಅದಕ್ಕೆ ಎರಡು ಕಡೆ ಇಳಿಜಾರಾದ ಡೇರೆಯಾಕಾರದ ಚೌಕಟ್ಟು ಸರಿ. ಎರಡಕ್ಕೆ ಎರಡು ಅಡಿಯ ಒಂದಿಂಚು ಕಲ್ಲು ಸುಮಾರು 25 ಕೆಜಿ. ಕೆಳಗೆ ಮರದ ಪಟ್ಟಿ ಕೊಟ್ಟು ಎರಡೂ ಬದಿಗೆ ಸಮನಾಗಿ ತುಂಬಿ, ಸಮನಾಗಿ ಖಾಲಿ ಮಾಡಿ. ನಡುವಿನ ಕಲ್ಲು ಬೇಕು ಅಂತ ಮುಂದಿನ ಹತ್ತು ಕಲ್ಲನ್ನು ಒಬ್ಬ ಎದೆಗೆ ಒರಗಿಸಿ ಹಿಡಿದುಕೊಳ್ಳುವುದು, ಇನ್ನೊಬ್ಬ ಎಳೆಯುವುದು ಎಲ್ಲ ಕಡೆ ನಡೆಯುತ್ತದೆ. ಎದೆಗೆ ಒರಗಿರುವುದು 250 ಕೆಜಿ ಕಲ್ಲು. ಇದನ್ನು ನಿಮ್ಮ ಗೋದಾಮಿನಲ್ಲಿ ಇವತ್ತೇ ನಿಲ್ಲಿಸಿ, ರ‍್ಯಾಕ್ ಆಮೇಲೆ ಬರಲಿ.

ಕೆಲಸಗಾರರ ಜೊತೆ

ಪ್ರತಿ ಆರ್ಮಿನ ತುದಿಗೆ ಎಷ್ಟು ಕೆಜಿ ಅನ್ನುವುದನ್ನು ಬಣ್ಣದಲ್ಲಿ ದೊಡ್ಡದಾಗಿ ಬರೆಸಿ. ಕೆಜಿಗಿಂತಲೂ "12 ಮಿ.ಮೀ. ಕಟ್ಟು 5" ಅಂತ ಬರೆದರೆ ಇನ್ನೂ ಒಳ್ಳೆಯದು. ಕೆಲಸಗಾರರಲ್ಲಿ ಕನ್ನಡ ಓದುವವರಿದ್ದಾರೆ, ಉರ್ದು ಓದುವವರಿದ್ದಾರೆ, ಏನೂ ಓದದವರೂ ಇದ್ದಾರೆ. ಅಂಕಿ ಎಲ್ಲರಿಗೂ ಗೊತ್ತು. ದಾರಿಗೆ ಚಾಚಿದ ತುದಿಗಳಿಗೆ ಕೆಂಪು ಬಟ್ಟೆ ಕಟ್ಟಿ, ಅದರಲ್ಲೂ ಕಣ್ಣಿನ ಎತ್ತರದವುಗಳಿಗೆ.

ಆರ್ಮ್ ಹತ್ತಿ ಮೇಲೆ ಹೋಗುವುದು ಬೇಡ, ಒಂದು ಏಣಿ ಗೋದಾಮಿನಲ್ಲೇ ಇರಲಿ. ಹಿರಿಯ ಹಮಾಲರನ್ನು ಮೊದಲ ದಿನದಿಂದಲೇ ಕರೆದು ಕೇಳಿ, ಯಾವ ಎತ್ತರ ಭುಜಕ್ಕೆ ಸರಿಯಾಗುತ್ತದೆ ಅಂತ. "ಮಾವ, ಈ ಆರ್ಮ್ ಇನ್ನು ನಾಲ್ಕು ಇಂಚು ಕೆಳಗಿದ್ದರೆ ಹೇಗೆ?" ಅಂತ ಒಂದು ಮಾತು ಕೇಳಿದರೆ ಅವರು ಹೇಳುವ ಉತ್ತರ ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಆಮೇಲೆ ನೋಡಿಕೊಳ್ಳುವುದು

ತಿಂಗಳಿಗೊಮ್ಮೆ ರ‍್ಯಾಕಿನ ಒಂದು ತುದಿಯಲ್ಲಿ ನಿಂತು ಆರ್ಮ್‌ಗಳ ಸಾಲನ್ನು ಒಂದು ಕಣ್ಣು ಮುಚ್ಚಿ ನೋಡಿ. ಒಂದು ಆರ್ಮ್ ಸಾಲಿನಿಂದ ಕೆಳಗಿಳಿದಿದ್ದರೆ ತಕ್ಷಣ ಕಾಣುತ್ತದೆ. ಬಾಗಿದ ಆರ್ಮನ್ನು ಸುತ್ತಿಗೆಯಲ್ಲಿ ಬಡಿದು ಅಥವಾ ಕಾಯಿಸಿ ನೆಟ್ಟಗೆ ಮಾಡಬೇಡಿ, ಬದಲಾಯಿಸಿ. ಬುಡದ ಬಣ್ಣದಲ್ಲಿ ಕೂದಲಿನಂಥ ಗೆರೆ, ಗೆರೆಯಿಂದ ಇಳಿದ ತುಕ್ಕಿನ ಕಲೆ ಕಂಡರೆ ವೆಲ್ಡಿಂಗ್ ಬಿಡುತ್ತಿದೆ ಅಂತಲೇ ತಿಳಿಯಿರಿ. ಆ ಆರ್ಮಿನ ಸಾಮಾನು ಅಂದೇ ಇಳಿಸಿ.

ಎರೆಮಣ್ಣಿನ ಮೇಲೆ ಕೂತ ಗೋದಾಮಿನವರು ವರ್ಷಕ್ಕೆ ಎರಡು ಸಲ ತೂಕದ ಗುಂಡು ಹಿಡಿಯಿರಿ. ಒಂದು ಮೇ ಕೊನೆಯಲ್ಲಿ, ಮಣ್ಣು ಪೂರ್ತಿ ಒಣಗಿದಾಗ. ಇನ್ನೊಂದು ಅಕ್ಟೋಬರಿನಲ್ಲಿ, ಪೂರ್ತಿ ನೆನೆದ ಮೇಲೆ. ಎರಡೂ ಸಲದ ಅಳತೆಯನ್ನು ದಿನಾಂಕ ಹಾಕಿ ಕಂಬದ ಮೇಲೇ ಬರೆಯಿರಿ. ಎರಡು ವರ್ಷದ ಅಂಕಿ ಅಕ್ಕಪಕ್ಕ ಇಟ್ಟು ನೋಡಿದರೆ ಕಂಬ ಅಲ್ಲೇ ಹೋಗಿ ಬರುತ್ತಿದೆಯೋ, ಇಲ್ಲ ಪ್ರತಿ ಸಲ ಒಂದೇ ಕಡೆ ಸರಿಯುತ್ತಿದೆಯೋ ಗೊತ್ತಾಗುತ್ತದೆ. ಒಂದೇ ಕಡೆ ಸರಿಯುತ್ತಿದ್ದರೆ ಮುಂದಿನ ಮಳೆಗೆ ಮುಂಚೆ ಸಾಮಾನು ಇಳಿಸಿ ಎಂಜಿನಿಯರನ್ನು ಕರೆಸಿ.